ಬ್ಯಾಟರಿ ಗಾಡಿಯ ಕೊರಳಿಗೆ ಎತ್ತಿನ ಗಂಟೆ

ಯಾವುದೇ ವಸ್ತು ಕೊಂಡ ಮರುಕ್ಷಣವೇ ನಾನು ಅದರ ಮಾಲೀಕನ ಕೆಲಸ ಬಿಟ್ಟು ಕಾವಲುಗಾರನ ಕೆಲಸಕ್ಕೆ ಸೇರಿಬಿಡುತ್ತೇನೆ. ಹೊಸ ಚಪ್ಪಲಿ ಕೊಂಡಾಗ ಮಠದಲ್ಲಿ ಒಂದು ಚಪ್ಪಲಿಯನ್ನು ಪೂರ್ವದ ಬಾಗಿಲಲ್ಲಿಯೂ ಇನ್ನೊಂದನ್ನು ಉತ್ತರದ ಬಾಗಿಲಲ್ಲಿಯೂ ಬಿಟ್ಟು, ಪ್ರವಚನ ಮುಗಿಯುವವರೆಗೂ ಎರಡು ಬಾಗಿಲುಗಳನ್ನು ಸರದಿಯಂತೆ ನೋಡುತ್ತ ಕೂತವನು ನಾನು. ಅಂಥವನು ಉದಗೀರಕ್ಕೆ ಹೋಗಿ ಒಂದು ಬ್ಯಾಟರಿ ಗಾಡಿ ಕೊಂಡು ತಂದೆನೆಂದರೆ ನನ್ನ ನಿದ್ದೆಯ ಗತಿ ಏನಾಗಿರಬೇಕು, ನೀವೇ ಯೋಚಿಸಿ. ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಮನೆಯಿಂದ ಅಂಗಡಿಗೆ ನಡೆದರೆ ಹತ್ತು ನಿಮಿಷ. ಅಷ್ಟಕ್ಕೆ ಗಾಡಿ ಯಾಕೆ ಬೇಕಿತ್ತು ಎಂದು ನನ್ನ ಹೆಂಡತಿ ಮಹಾನಂದಾ ಕೇಳಿದಾಗ ಪೆಟ್ರೋಲು, ಹೊಗೆ, ದೇಶದ ಭವಿಷ್ಯ ಎಂದು ಏನೇನೋ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಅದನ್ನು ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ನೀವೂ ಅವಳ ಕಡೆಗೆ ಸೇರಿಬಿಡುತ್ತೀರಿ.

ಈ ಗಾಡಿಯ ದೊಡ್ಡ ಗುಣವೆಂದರೆ ಅದು ಸದ್ದು ಮಾಡುವುದಿಲ್ಲ. ನನ್ನ ಹಳೆಯ ಮೋಟರ್‌ಸೈಕಲ್ ಓಣಿಯ ತುದಿಯಲ್ಲಿ ಕೆಮ್ಮಿದರೆ ಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರು. ಇದು ಬಂದು ಪಕ್ಕದಲ್ಲಿ ನಿಂತರೂ ಗೊತ್ತಾಗುವುದಿಲ್ಲ. ಆದರೆ ಒಂದು ದಿನ ನಿಲಂಗಾದಿಂದ ನನ್ನ ಷಡ್ಡಕನ ಫೋನು ಬಂತು. ಮದುವೆಯೊಂದರ ಊಟಕ್ಕೆ ಹೋದವನು ಕಲ್ಯಾಣ ಮಂಟಪದ ಎದುರು ತನ್ನ ಬ್ಯಾಟರಿ ಗಾಡಿ ನಿಲ್ಲಿಸಿದ್ದನಂತೆ. ಯಾರೋ ಅದನ್ನು ಕದ್ದು ಓಡಿಸಿಕೊಂಡು ಹೋಗಿದ್ದರು. "ಪೆಟ್ರೋಲ್ ಗಾಡಿ ಇದ್ರ ಚಾಲೂ ಮಾಡಿದ್ದರೆ ಕೇಳಸ್ತಿತ್ತು ರೀ," ಎಂದು ಅತ್ತ. "ಇದು ಮುಕ್ಕಳಿಸಿದಷ್ಟೂ ಸಪ್ಪಳ ಮಾಡಲಿಲ್ಲ." ಅಂದಿನಿಂದ ಗಾಡಿಯ ಆ ಗುಣವೇ ನನ್ನ ಎದೆಯ ಮೇಲೆ ಕೂತಿತು.

ಬೀಗ ಹಾಕಿದರೆ ಮುಗಿಯಿತಲ್ಲ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಬೀಗವಿಲ್ಲ. ಅಗುಳಿ, ಚಿಲಕ, ಕೊಂಡಿ ಯಾವುದೂ ಇಲ್ಲ. ತೊಂಬತ್ತಮೂರರಲ್ಲಿ ಭೂಕಂಪವಾದಾಗ ನಾವು ಲೋಹಾರಾದ ಹತ್ತಿರದ ಹಳ್ಳಿಯಲ್ಲಿದ್ದೆವು. ಅಪ್ಪ ದೇವಣಿಯಿಂದ ತಂದಿದ್ದ ಚಂದ್ಯಾ ಎಂಬ ಎತ್ತು ಅಂದು ನಸುಕಿನಲ್ಲಿ ಕಣ್ಣಿ ಹರಿದುಕೊಂಡು, ಕೊರಳ ಗಂಟೆ ಬಾರಿಸುತ್ತ ಓಡಿತು. ಅದನ್ನು ಹಿಡಿಯಲು ಅಪ್ಪ ಓಡಿದ, ಅಪ್ಪನ ಹಿಂದೆ ಅವ್ವ ಓಡಿದಳು, ಕಣ್ಣುಜ್ಜುತ್ತ ನಾನೂ ಹೋದೆ. ನಾವು ಬಯಲಿಗೆ ಬಂದೆವು, ಹಿಂದೆ ಮನೆ ಕೂತುಬಿಟ್ಟಿತು. ಪಕ್ಕದ ಮನೆಯಲ್ಲಿ ಕಾಕಾ, ಕಾಕು ಕದಕ್ಕೆ ಅಗುಳಿ ಹಾಕಿ ಮಲಗಿದ್ದರು. ಅವರು ಬರಲಿಲ್ಲ. ಆಮೇಲೆ ಉಮರ್ಗಾಕ್ಕೆ ಬಂದು ಈ ಮನೆ ಕಟ್ಟಿಸುವಾಗ ಬಡಗಿ ಬಾಗಿಲಿಗೆ ಕೂರಿಸಿದ ಚಿಲಕಗಳನ್ನೆಲ್ಲ ಅವ್ವ ನಿಂತು ಕೀಳಿಸಿದಳು. ಅಪ್ಪ ತೀರಿಕೊಂಡ, ಚಂದ್ಯಾ ಅದಕ್ಕೂ ಮೊದಲೇ ಹೋಗಿತ್ತು. ಅದರ ಹಿತ್ತಾಳೆಯ ಗಂಟೆ ಮಾತ್ರ ದೇವರ ಜಗುಲಿಯ ಮೇಲೆ ಲಿಂಗದ ಪಕ್ಕದಲ್ಲಿತ್ತು, ದಿನಾ ಅದಕ್ಕೂ ಒಂದು ಹೂವು.

ಅಂಗಳದ ಗೇಟಿಗೆ ಒಂದು ಸರಪಳಿಯಾದರೂ ಹಾಕುತ್ತೇನೆ ಎಂದು ನಾನು ಬಾಯಿ ಬಿಟ್ಟರೆ ಸಾಕು, ಅವ್ವ ಊಟ ಬಿಡುತ್ತಿದ್ದಳು. ಗಾಡಿಯ ಹಿಡಿಕೆಯ ಬೀಗವನ್ನು ನಂಬುವ ಹಾಗಿರಲಿಲ್ಲ, ನಿಲಂಗಾದ ಕಳ್ಳರು ಅದನ್ನು ಒಂದೇ ಏಟಿಗೆ ಮುರಿದಿದ್ದರಂತೆ. ಬ್ಯಾಟರಿ ಬಿಚ್ಚಿ ತಂದು ಮಂಚದ ಕೆಳಗೆ ಇಟ್ಟುಕೊಂಡು ನೋಡಿದೆ. ಅದು ತುಂಬಿದ ಎಣ್ಣೆ ಡಬ್ಬಿಯಷ್ಟು ಭಾರ. ಮೂರನೆಯ ದಿನಕ್ಕೆ ಸೊಂಟ ಹಿಡಿಯಿತು. ಆಮೇಲೆ ಮುಟ್ಟಿದರೆ ಕೂಗುವ ಒಂದು ಸೈರನ್ ತಂದು ಹಾಕಿಸಿದೆ. ಮಧ್ಯಾಹ್ನ ಸೀಟಿನ ಮೇಲೆ ಬೆಕ್ಕು ಹಾರಿತು, ಸೈರನ್ ಹೊಯ್ಕೊಂಡಿತು. ಅವ್ವ ಒಂದು ಕೈಯಲ್ಲಿ ನನ್ನನ್ನು, ಇನ್ನೊಂದು ಕೈಯಲ್ಲಿ ಹಿಟ್ಟಿನ ಕೈಯ ಮಹಾನಂದಾಳನ್ನು ಎಳೆದುಕೊಂಡು ಬಯಲಿಗೆ ಬಂದು ನಿಂತಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಅವ್ವ ಸಂಜೆಯವರೆಗೂ ಮನೆಯೊಳಗೆ ಕಾಲಿಡಲಿಲ್ಲ. ಅದೇ ದಿನ ಸೈರನ್ ಕೀಳಿಸಿದೆ, ನನ್ನ ಬಗ್ಗೆಯೇ ನನಗೆ ಸಿಟ್ಟು ಬಂತು.

ಮರುದಿನ ಮುಂಜಾನೆ ಅವ್ವ ಚಂದ್ಯಾನ ಗಂಟೆ ತಂದು ಗಾಡಿಯ ಹಿಡಿಕೆಯ ಕೆಳಗೆ ಕಟ್ಟಿದಳು.

"ಅವ್ವಾ, ಇದು ಗಾಡಿ, ಎತ್ತಲ್ಲ."

"ಗೊತ್ತದ. ಎತ್ತಿಗಿ ನಿನಗಿಂತ ಜಾಸ್ತಿ ಅಕಲ್ ಇತ್ತು," ಎಂದಳು. "ಯಾರ್ ತಳ್ಳಿದ್ರೂ ಇದು ಬಾರಿಸ್ತದ. ನಾ ಅಂಗಳದಾಗೇ ಇರ್ತೀನಿ. ಈ ಗಂಟಿ ಸಪ್ಪಳ ನನ್ನ ಕಿವಿ ತಪ್ಪಂಗಿಲ್ಲ."

ಹೀಗೆ ನಾನು ಉಮರ್ಗಾದ ಪೇಟೆಯಲ್ಲಿ ಘಲ್ ಘಲ್ ಎಂದು ಓಡಾಡತೊಡಗಿದೆ. ಪಕ್ಕದ ಮನೆಯ ಜಾಧವ ಮಾಸ್ತರರು ಶಾಲೆಯಿಂದ ನಿವೃತ್ತರಾದವರು, ಸುಮ್ಮಸುಮ್ಮನೆ ತಮಾಷೆ ಮಾಡುವವರಲ್ಲ. ಅವರೂ ಕಟ್ಟೆಯ ಮೇಲಿಂದ "ಕಾಯ್ ಶೇಟ್, ಬೈಲಾಲಾ ಚಾರಾ ಘಾತಲಾ ಕಾ?" ಎಂದು ಎತ್ತಿಗೆ ಮೇವು ಹಾಕಿದಿರಾ ಅಂತ ಕೇಳುವರು. ಒಂದು ವಾರ ನಾಚಿಕೆಯಾಯಿತು. ಆಮೇಲೆ ನಿಜ ಹೇಳಬೇಕೆಂದರೆ ಇಷ್ಟವಾಯಿತು. ಸಂಜೆ ಓಣಿಗೆ ತಿರುಗಿದರೆ ಗಂಟೆ ಕೇಳಿ ಅವ್ವ ಅಂಗಳದಲ್ಲಿ ಎದ್ದು ನಿಲ್ಲುತ್ತಿದ್ದಳು, ಅವಳ ಮುಖದಲ್ಲಿ ಅಪ್ಪ ಹೊಲದಿಂದ ಬರುತ್ತಿದ್ದ ಹೊತ್ತಿನ ಕಳೆ.

ಈಗ ಆ ನಿಜವಾದ ಕಾರಣ ಹೇಳುತ್ತೇನೆ. ನನಗೆ ಶುಗರ್ ಇದೆ. ಡಾಕ್ಟರು ಸಿಹಿ ನಿಲ್ಲಿಸಿದ್ದಾರೆ, ಮಹಾನಂದಾ ಅದನ್ನು ಕಾಯ್ದೆ ಮಾಡಿದ್ದಾಳೆ. ಹತ್ತಿರದ ತುರೋರಿಯಲ್ಲಿ ಹೆದ್ದಾರಿಯ ಪಕ್ಕ, ಲಾರಿಗಳು ನಿಲ್ಲುವಲ್ಲಿ, ಒಬ್ಬ ಮಧ್ಯಾಹ್ನ ಬಿಸಿ ಜಿಲೇಬಿ ಹಾಕುತ್ತಾನೆ. ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬರಲೆಂದೇ ನಾನು ಬ್ಯಾಟರಿ ಗಾಡಿ ಕೊಂಡದ್ದು. ಗಂಟೆ ಕಟ್ಟಿದ ಮೇಲೆ ಒಮ್ಮೆ ಅಂಗಡಿಯಿಂದಲೇ ಹೋಗಿ ಬಂದೆ. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಮಹಾನಂದಾ, "ತುರೋರಿದಾಗ ಯಾರ ಮದಿವಿ ಇತ್ತು ರೀ?" ಎಂದು ಕೇಳಿದಳು. ಬಸ್ಸಿಗೆ ಕಾಯುತ್ತಿದ್ದ ಅವಳ ಚಿಗವ್ವನಿಗೆ ಗಂಟೆ ಕೇಳಿಸಿತ್ತಂತೆ.

ಎರಡು ವಾರ ತಡೆದೆ. ಪೇಟೆ ಬಂದ್ ಇದ್ದ ಒಂದು ದಿನ ಊಟವಾದ ಮೇಲೆ, ಡಾಕ್ಟರು ನಡೆಯಲು ಹೇಳಿದ್ದಾರೆ, ಕಟಿಂಗಿಗೆ ನಡೆದುಕೊಂಡೇ ಹೋಗಿ ಬರುತ್ತೇನೆ ಎಂದೆ. ಇಬ್ಬರಿಗೂ ಸಂತೋಷವಾಯಿತು. ಅವರು ಮಲಗಿದ ಮೇಲೆ ಅಂಗಡಿಯ ಒಂದು ಪಾಪ್ಲೀನ್ ತುಂಡನ್ನು ಗಂಟೆಯೊಳಗೆ ತುರುಕಿದೆ, ಬಿಸಿಲಿಗೆಂದು ಮುಖದ ತುಂಬ ಟವೆಲ್ ಸುತ್ತಿಕೊಂಡೆ, ಯಾರೂ ಫೋನು ಮಾಡದಿರಲೆಂದು ಅದನ್ನು ಮನೆಯಲ್ಲೇ ಬಿಟ್ಟೆ. ಗಾಡಿಯನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋದೆ.

ಜಿಲೇಬಿ ಚೆನ್ನಾಗಿತ್ತು. ನಾಲ್ಕು ತಿಂದೆ, ಇನ್ನು ನಾಲ್ಕು ಕಟ್ಟಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡೆ. ತಿರುಗಿ ಬಂದರೆ ನಮ್ಮ ಮನೆಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಒಬ್ಬರು ನನ್ನನ್ನು ಹುಡುಕಿಕೊಂಡು ಕಟಿಂಗ್ ಅಂಗಡಿಗೂ ಹೋಗಿ ಬಂದಿದ್ದರಂತೆ, ಅದೂ ಬಂದ್. ಅವ್ವ ಬಿಸಿಲಲ್ಲಿ, ಬರಿಗಾಲಲ್ಲಿ, ಗಾಡಿ ನಿಲ್ಲುವ ಖಾಲಿ ಜಾಗದಲ್ಲಿ ಕೂತಿದ್ದಳು. "ಗಾಡಿ ಹೋದ್ರ ಹೋಗ್ಲಿ ಮಾಸ್ತರ್," ಎನ್ನುತ್ತಿದ್ದಳು, "ನಮ್ಮ ಚಂದ್ಯಾನ ಗಂಟಿ ಹೋಯ್ತಲ್ರಿ. ನಂಗ ಕೇಳಸಲೇ ಇಲ್ಲ. ನನ್ನ ಕಿವೀನೇ ಸತ್ತಾವೇನೋ." ಗಾಡಿ ಸದ್ದಿಲ್ಲದೆ ಬಂದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ.

ಮಾಸ್ತರರು ಠಾಣೆಗೆ ಕೊಡಲು ಅರ್ಜಿ ಬರೆದು ಮುಗಿಸಿ ಎಲ್ಲರಿಗೂ ಓದಿ ಹೇಳುತ್ತಿದ್ದರು. ಅವರ ಹೆಂಡತಿ ಮಾಳಿಗೆಯ ಮೇಲಿಂದ ಕಳ್ಳನನ್ನು ಕಣ್ಣಾರೆ ಕಂಡಿದ್ದರಂತೆ. "ಉಂಚಿ ಠೆಂಗಣಿ, ಪೋಟ ಸುಟಲೇಲೇ," ಎಂದರೆ ಕುಳ್ಳ, ಹೊಟ್ಟೆ ಬಂದವನು. ವಯಸ್ಸು ಅರವತ್ತರ ಮೇಲೆ. ನನಗೆ ಇನ್ನೂ ಐವತ್ತನಾಲ್ಕು. ಗಾಡಿ ತಳ್ಳುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದನು, ನೋಡಿದರೆ ಪೆದ್ದನಂತೆ ಕಾಣುತ್ತಿದ್ದನು. ಕೆಳಗೆ ಫಿರ್ಯಾದಿಯ ಸಹಿಗೆ ಜಾಗ ಬಿಟ್ಟಿದ್ದರು, ಅಲ್ಲಿ ನನ್ನ ಹೆಸರಿತ್ತು. ಅಷ್ಟು ಓದಿ ತಲೆ ಎತ್ತಿದವರು ಟವೆಲ್ ಸುತ್ತಿಕೊಂಡು ಗಾಡಿಯ ಮೇಲೆ ಕೂತಿದ್ದ ನನ್ನನ್ನು ನೋಡಿದರು, ಮತ್ತೆ ಅರ್ಜಿ ನೋಡಿದರು.

ಅವ್ವ ಎದ್ದು ಬಂದು ಮೊದಲು ಗಂಟೆ ಮುಟ್ಟಿದಳು. ಅಲುಗಿಸಿದಳು, ಸದ್ದಿಲ್ಲ. ಒಳಗೆ ಬೆರಳು ಹಾಕಿ ಬಟ್ಟೆ ಎಳೆದಳು.

"ಇದು ನಮ್ಮ ದುಕಾನದ ಪಾಪ್ಲೀನ್ ಹೌದಿಲ್ರಿ?" ಎಂದಳು ಮಹಾನಂದಾ. ಅಷ್ಟರಲ್ಲಿ ಅವಳ ಕೈ ಡಿಕ್ಕಿಯಲ್ಲಿತ್ತು, ಪೊಟ್ಟಣ ಹೊರಗಿತ್ತು.

"ತಪ್ಪಾಯ್ತವ್ವಾ," ಎಂದೆ.

"ಕಳ್ಳ ಸಿಕ್ಕಾನ. ಎಲ್ಲಾರೂ ಮನಿಗಿ ಹೋಗ್ರಿ," ಎಂದಳು ಅವ್ವ. ಜನ ನಗುತ್ತ ಹೋದ ಮೇಲೆ ಗಂಟೆಯ ಹಗ್ಗಕ್ಕೆ ಇನ್ನೆರಡು ಗಂಟು ಬಿಗಿದಳು. "ಗಾಡಿ ಕಾಯ್ಲಕ್ಕ ಇದನ್ನ ಕಟ್ಟೀನಿ ಅಂತ ತಿಳಕೊಂಡಿಯೇನೋ ಶಿವ್ಯಾ? ಅವತ್ತು ಇದು ನಿನ್ನನ್ನ ಹೊರಗ ಕರಕೊಂಡ್ ಬಂತು. ಇದು ಕೇಳಸ್ತಿದ್ರ ನೀ ಎಲ್ಲೋ ಛಂದ ಇದ್ದಿ ಅಂತ ನಂಗ ಸಮಾಧಾನ." ಆಮೇಲೆ ಪೊಟ್ಟಣ ಬಿಚ್ಚಿ ಒಂದು ಜಿಲೇಬಿ ಬಾಯಿಗೆ ಹಾಕಿಕೊಂಡು, "ಆರಿ ಥಣ್ಣಗ ಆಗ್ಯಾವ," ಎಂದು ಮುಖ ಸಿಂಡರಿಸಿದಳು.

ಈಗ ತಿಂಗಳಿಗೊಮ್ಮೆ ಮಹಾನಂದಾಳ ಅಪ್ಪಣೆಯ ಮೇಲೆ, ಅವ್ವನನ್ನು ಹಿಂದೆ ಕೂರಿಸಿಕೊಂಡು, ಘಲ್ ಘಲ್ ಎಂದು ತುರೋರಿಗೆ ಹೋಗುತ್ತೇನೆ. ನನಗೆ ಒಂದು, ಅವ್ವನಿಗೆ ಬೇಕಾದಷ್ಟು. ಗಾಡಿಯನ್ನು ಬೀಗವಿಲ್ಲದ ಅಂಗಳದಲ್ಲಿ ಬಿಟ್ಟು ನಿಶ್ಚಿಂತನಾಗಿ ಮಲಗುತ್ತೇನೆ. ಅದನ್ನು ಕದ್ದವನು ಈ ಊರಲ್ಲಿ ಇಲ್ಲಿಯವರೆಗೆ ಒಬ್ಬನೇ, ಅವನ ಮೇಲೆ ಇಡೀ ಓಣಿಯ ಕಣ್ಣಿದೆ.