ರೊಟ್ಟಿ ಬಡಿಯುವ ಫೋಟೊ

ಬೇಸಿಗೆಯ ಇಂಟರ್ನ್‌ಶಿಪ್ಪಿಗೆಂದು ಜರ್ಮನಿಯಿಂದ ಮಾದಾಪುರದ ಕಂಪನಿಗೆ ಬಂದಿದ್ದ ಹನ್ನಾ ಎಂಬ ಹುಡುಗಿಗೆ ಚಾರ್‌ಮಿನಾರ್ ಬೇಕಿರಲಿಲ್ಲ, ಗೋಲ್ಕೊಂಡವೂ ಬೇಕಿರಲಿಲ್ಲ. ಜನರ ದಿನನಿತ್ಯದ ಬದುಕಿನ ಫೋಟೊ ಬೇಕಿತ್ತು. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ತೆಗೆಯಲೇ ಎಂದು ಅದೇ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುವ ಶೈಲಶ್ರೀಯನ್ನು ಕೇಳಿದಳು. ಶೈಲಶ್ರೀ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಳು.

ಸುದ್ದಿ ಕೇಳಿ ಗಂಡ ಗುರುಬಸವ ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಪಾಳಿ ಮುಗಿಸಿ ಕ್ಯಾಬಿನಲ್ಲಿ ಬರುವುದರೊಳಗೆ ಆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದವನು ಅವನೇ. ಇದು ಕೆಳಗಿನ ಮನೆಯ ಕಾಶಿನಾಥನಿಗೆ ಗೊತ್ತಾದರೆ ಮುಗಿಯಿತು. ಇಬ್ಬರೂ ಪಟಾನ್‌ಚೆರುವಿನ ಒಂದೇ ಔಷಧಿ ಕಾರ್ಖಾನೆಗೆ ಒಂದೇ ಬಸ್ಸಿನಲ್ಲಿ ಹೋಗುವವರು. "ನಾ ಮನ್ಯಾಗ ನೀರಿನ ಚರಗಿ ಸೈತ ಎತ್ತಂಗಿಲ್ಲ" ಎಂದು ಕಾಶಿನಾಥ ಬಸ್ಸಿನಲ್ಲಿ ಮೀಸೆ ತಿರುವಿದರೆ, ಗುರುಬಸವ "ನಾನೂ ಅಷ್ಟರಿ" ಅನ್ನುತ್ತಿದ್ದ. ಬಸ್ಸಿನವರ ಮುಂದೆ ಮಾನ ಹೋಗದಿದ್ದರೆ ಸಾಕು ಎಂಬುದೊಂದೇ ಈಗ ಅವನ ಪ್ರಾರ್ಥನೆ.

"ಅವತ್ತೊಂದು ದಿನ ನೀನ ಬಡಿ" ಎಂದು ಹೆಂಡತಿಗೆ ಕೈಮುಗಿದ.

"ನಂಗ ಬರಂಗಿಲ್ಲಲ್ರಿ."

"ಬಂದಂಗ ಮಾಡು. ಫೋಟೊದಾಗ ರುಚಿ ಏನ್ ಕಾಣಂಗಿಲ್ಲ."

ರವಿವಾರ ಹನ್ನಾ ಬರುವ ಮೊದಲೇ ಕಾಶಿನಾಥನ ಹೆಂಡತಿ ಉಮಾಬಾಯಿ ಗಂಡನ ಸಮೇತ ಹಾಜರಾದಳು. ತಾನಿಲ್ಲದೆ ಆ ಕಟ್ಟಡದಲ್ಲಿ ಹಾಲು ಕೂಡ ಉಕ್ಕಬಾರದು ಎನ್ನುವ ಹೆಂಗಸು. ಶೈಲಶ್ರೀಗೆ ಮದುವೆಯ ಇಳಕಲ್ ಸೀರೆ ಉಡಿಸಿದಳು, ಒಲೆಯ ಪಕ್ಕ ಪ್ಲಾಸ್ಟಿಕ್ ಹೂ ಇಟ್ಟಳು. ಮೇ ತಿಂಗಳ ಸೆಖೆಯಲ್ಲಿ ಗುರುಬಸವನಿಗೆ ಕೋಟು ಹಾಕಿಸಿದಳು.

"ನೀವು ಪೇಪರ್ ಹಿಡಕೊಂಡು ಕೂಡ್ರಿ. ಗಂಡಸರು ಮನ್ಯಾಗ ಮತ್ತೇನ್ ಮಾಡ್ತಾರ?"

ಹನ್ನಾ ಬಂದಳು. ಸೀರೆ, ಹೂ, ಕೋಟು ನೋಡಿ ಅವಳ ಮುಖ ಸಪ್ಪಗಾಯಿತು. ಆದರೂ ಕ್ಯಾಮೆರಾ ಎತ್ತಿದಳು. ಶೈಲಶ್ರೀ ಬಡಿದ ಮೊದಲ ರೊಟ್ಟಿ ಎರಡು ಹೋಳಾಯಿತು. ಎರಡನೆಯದು ಕೈಗೆ ಅಂಟಿಕೊಂಡಿತು. ಮೂರನೆಯದು ಹಂಚಿನ ಮೇಲೆ ಕರವಸ್ತ್ರದಂತೆ ಮಡಚಿಕೊಂಡು ಬಿತ್ತು.

"ಯಾಕ ಶೈಲಾ, ದಿನಾ ಮುಂಜಾನೆ ಎಷ್ಟ ಛಂದ ಸಪ್ಪಳ ಕೇಳತಿತ್ತು" ಎಂದಳು ಉಮಾಬಾಯಿ.

"ದೃಷ್ಟಿ ಆಗೇತ್ರಿ ವೈನಿ" ಎಂದ ಗುರುಬಸವ, ಪೇಪರಿನ ಹಿಂದಿನಿಂದ.

ಹನ್ನಾ ಅವನತ್ತ ಕೈ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಶೈಲಶ್ರೀ ಕೇಳಿಸದವಳಂತೆ ಹಿಟ್ಟು ನಾದತೊಡಗಿದಳು.

"ಏನಂತ?" ಎಂದಳು ಉಮಾಬಾಯಿ.

"ಕೋಟು ಛಲೋ ಐತಂತ್ರಿ."

ಹನ್ನಾ ಮತ್ತೆ ಅವನನ್ನೂ ಹಿಟ್ಟನ್ನೂ ತೋರಿಸಿ ಕೇಳಿದಳು.

"ಈಗೇನಂತ?"

"ಭಾಳ ಛಲೋ ಐತಂತ್ರಿ."

ಮಾತಿನಿಂದ ಕೆಲಸವಾಗದೆ ಹನ್ನಾ ಕ್ಯಾಮೆರಾದ ಪರದೆಯನ್ನೇ ಉಮಾಬಾಯಿಯ ಮುಂದೆ ಹಿಡಿದಳು. ಹನ್ನಾ ಇಳಿದುಕೊಂಡಿದ್ದು ಹಿಂದಿನ ಬೀದಿಯ ಗೆಸ್ಟ್‌ಹೌಸಿನಲ್ಲಿ. ಅದರ ಮಾಳಿಗೆಯಿಂದ ಒಂದು ಮುಂಜಾನೆ ತೆಗೆದ ಫೋಟೊ ಅದು, ಈ ಕಟ್ಟಡದ ಅಡುಗೆಮನೆ ಕಿಟಕಿಗಳದ್ದು. ಮೇಲಿನ ಕಿಟಕಿಯಲ್ಲಿ ಬನಿಯನ್ ತೊಟ್ಟ ಗುರುಬಸವ ತನ್ಮಯನಾಗಿ ರೊಟ್ಟಿ ಬಡಿಯುತ್ತಿದ್ದ.

ಎಲ್ಲ ಮುಗಿಯಿತು ಎಂದು ಗುರುಬಸವ ಕಣ್ಣು ಮುಚ್ಚಿ ಕಾಶಿನಾಥನ ನಗೆಗಾಗಿ ಕಾದ. ನಗೆ ಬರಲಿಲ್ಲ. ಕಣ್ಣು ತೆರೆದರೆ ಕಾಶಿನಾಥ ತಿರುಗುವ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅದೇ ಫೋಟೊದ ಕೆಳಗಿನ ಕಿಟಕಿಯಲ್ಲಿ ಅವನೂ ತಲೆಗೆ ಟವೆಲ್ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದ. ಪಕ್ಕದಲ್ಲಿ ಉಮಾಬಾಯಿ ಚಹಾ ಕುಡಿಯುತ್ತಿದ್ದಳು.

ಗುರುಬಸವನಿಗೆ ಜೀವ ಹಗುರಾಯಿತು. ಕೋಟು ಬಿಚ್ಚಿ ಹಿಟ್ಟಿನ ಮುಂದೆ ಕೂತ. ಹನ್ನಾ ಖುಷಿಯಿಂದ ಫೋಟೊ ತೆಗೆದದ್ದೇ ತೆಗೆದದ್ದು.

ನಾಚಿ ಕೂರುವ ಪೈಕಿಯಲ್ಲ ಉಮಾಬಾಯಿ. ಪರದೆಯನ್ನು ಮೂಗಿನ ಹತ್ತಿರ ಹಿಡಿದು ಎರಡೂ ಕಿಟಕಿಗಳನ್ನು ಹೋಲಿಸಿ ನೋಡಿದಳು.

"ನಮ್ಮವರದು ಅಂಚು ಹರದೈತಿ. ಗುರುಬಸವಪ್ಪನವರ, ನಾಳಿಂದ ನಮ್ಮನಿ ರೊಟ್ಟಿನೂ ನೀವ ಬಡದುಬಿಡ್ರಿ. ಹಿಟ್ಟು ನಾ ಕಳಸ್ತೀನಿ."

ಮರುದಿನ ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಾಶಿನಾಥ ಡಬ್ಬಿ ಬಿಚ್ಚಿ, ಬಸ್ಸಿನ ಗೆಳೆಯರಿಗೆಲ್ಲ ಒಂದೊಂದು ಚೂರು ಹಂಚಿದ.

"ನಮ್ಮಾಕಿ ಕೈಗುಣ ನೋಡ್ರಿ" ಎಂದ.

"ಭಾಳ ತೆಳ್ಳಗ ಬಂದಾವ್ರಿ" ಎಂದ ಗುರುಬಸವ, ತನಗೆ ಬಂದ ಚೂರನ್ನು ಅಗಿಯುತ್ತ.