ಆದಾಮನಿಲ್ಲದೆ ಮದುವೆಯಿಲ್ಲ

ಕೋಪ ಬಂದರೆ ಕೆಲವರು ಮಾತು ಬಿಡುತ್ತಾರೆ, ಕೆಲವರು ಊಟ ಬಿಡುತ್ತಾರೆ. ನನಗೆ ಹಸಿವಾಗುತ್ತದೆ. ಹೋದ ಭಾನುವಾರ ನಾನು ತಿಂದ ಬಿರಿಯಾನಿಗೆ ಲೆಕ್ಕವಿಲ್ಲ. ಕಾರಣ ಆದಾಮ. ದೇವರು ಮಣ್ಣಿನಿಂದ ಮಾಡಿದ ಮೊದಲ ಮನುಷ್ಯ. ಬೇಡವೆಂದ ಹಣ್ಣು ತಿಂದು, ಕೇಳಿದಾಗ 'ಅವಳು ಕೊಟ್ಟಳು, ನಾನು ತಿಂದೆ' ಎಂದು ಹೆಂಡತಿ ಹವ್ವಳತ್ತ ಬೆರಳು ತೋರಿಸಿದನಲ್ಲ, ಅವನೇ.

ಚರ್ಚಿನಿಂದ ಬಂದು ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಹೆಂಡತಿಯ ಅಣ್ಣ ಜಯರಾಜ್ ಭಾವ ನಮ್ಮ ಮಗಳ ಮದುವೆಯ ಮಾತಿಗೆಂದು ಬಂದಿದ್ದರು. ನಮ್ಮ ಮನೆತನದಲ್ಲಿ ಸೋದರಮಾವ ಕೈಹಿಡಿದು ಕರೆತರದೆ ಮದುಮಗಳು ಚರ್ಚಿನ ಮೆಟ್ಟಿಲು ಹತ್ತುವಂತಿಲ್ಲ. ಈ ಪದ್ಧತಿ ಬೈಬಲಿನ ಯಾವ ಪುಟದಲ್ಲೂ ಇಲ್ಲ. ಆದರೂ ಅದರ ಬಗ್ಗೆ ಇಂದಿನವರೆಗೆ ಯಾರೂ ಚರ್ಚೆ ಮಾಡಿಲ್ಲ.

ನನ್ನ ಹೆಂಡತಿ ಸುಗುಣ ಬಡಿಸುವಾಗ ಸುಮ್ಮನಿರಬಾರದೆ? "ಅಣ್ಣಾ, ಇವ್ರು ಆದಾಮ ನಿಜವಾಗ್ಲೂ ಇರ್ಲೇ ಇಲ್ಲ ಅಂತಾರೆ ನೋಡು" ಎಂದಳು. ಭಾವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಆದಾಮ ಇಲ್ಲ ಅಂದ್ರೆ ಪಾಪ ಎಲ್ಲಿಂದ ಬಂತು? ಪಾಪಾನೇ ಇಲ್ಲ ಅಂದ್ರೆ ಯೇಸು ಸ್ವಾಮಿ ಶಿಲುಬೆ ಹೊತ್ತಿದ್ದು ಯಾಕ್ರೀ?"

ನಾನು ಬಸವನಗುಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. "ಪಾಪ ಇಲ್ಲ ಅಂದವರ್ಯಾರು ಭಾವ? ಅದು ಚರಿತ್ರೆ ಅಲ್ಲ, ನಮ್ಮೆಲ್ಲರ ಕಥೆ. ಒಬ್ಬೊಬ್ಬ ಮನುಷ್ಯನೂ ಆದಾಮನೇ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ವರನ ಪೂರ್ವಾಪರ ವಿಚಾರಿಸಲು ಬಿನ್ನಿಪೇಟೆಯ ಬೀದಿಬೀದಿ ಅಲೆದ ಈ ಮಹಾನುಭಾವರು, ಭೂಮಿಯ ಮೇಲೆ ಬೇರೊಂದು ಸಂಸಾರವೇ ಇಲ್ಲದಾಗ ಆದಾಮನ ಮಗ ಕಾಯಿನನ ಹೆಂಡತಿ ಯಾರ ಮಗಳು ಎಂದು ಒಮ್ಮೆಯಾದರೂ ಕೇಳಿದ್ದಾರೆಯೇ? ಕೇಳಿಯೇಬಿಟ್ಟೆ. ಭಾವ ಎದ್ದು ಕೈ ತೊಳೆದರು.

"ಆದಾಮನ್ನ ಒಪ್ಪದವರ ಮನೆ ಮದುವೆಗೆ ನಾನು ಬರಲ್ಲ. ಒಪ್ಪಿದ ದಿನ ಫೋನ್ ಮಾಡಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮೈಯೆಲ್ಲ ಉರಿಯಿತು. ಹುಟ್ಟಿದನೋ ಇಲ್ಲವೋ ಗೊತ್ತಿಲ್ಲದವನಿಗಾಗಿ, ತಾನೇ ಎತ್ತಿ ಆಡಿಸಿದ ಹುಡುಗಿಯನ್ನು ನಡುನೀರಿನಲ್ಲಿ ಕೈಬಿಡುವುದು ಯಾವ ಧರ್ಮ? ಮಗಳು ಕಣ್ಣು ಒರೆಸಿಕೊಳ್ಳುತ್ತಾ, "ಅಪ್ಪಾ, ಇದ್ದ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಮಾವ ಬರದೆ ನಾನು ಮೆಟ್ಟಿಲು ಹತ್ತಲ್ಲ" ಎಂದಳು. ಹೆತ್ತ ಮಗಳೂ ಆ ಕಡೆ! ನಾನು ಸುಗುಣಳ ಮೇಲೆ ಹರಿಹಾಯ್ದೆ.

"ಎಲ್ಲಾ ನಿನ್ನಿಂದ್ಲೇ ಆಗಿದ್ದು! ಮಾತು ತೆಗೆದವಳು ನೀನು. ನನ್ನದೇನಿದೆ ತಪ್ಪು?"

ಸುಗುಣ ನನ್ನನ್ನೇ ನೋಡಿದಳು. ಸೌಟು ಕೆಳಗಿಟ್ಟು ಅಣ್ಣನಿಗೆ ಫೋನ್ ಹಚ್ಚಿದಳು.

"ಅಣ್ಣಾ, ನೀನು ಹೇಳಿದ್ದೇ ಸರಿ. ಆದಾಮ ಇದ್ದಾನೆ. ಇಲ್ಲೇ ಊಟದ ಮೇಜಿನ ಮುಂದೆ ಕೂತು, ಎಲ್ಲಾ ಹೆಂಡ್ತಿಯಿಂದ ಆಯ್ತು ಅಂತಿದಾನೆ."

ಆ ಕಡೆಯಿಂದ ಭಾವನ ನಗು ಅಡುಗೆಮನೆಯವರೆಗೂ ಕೇಳಿಸಿತು. ಮದುವೆಗೆ ಬರುತ್ತಾರಂತೆ. ಮಗಳೂ ನಕ್ಕಳು. ನಾನು ಮಾತ್ರ ಇದನ್ನು ಪುರಾವೆ ಎಂದು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಕೋಪ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಸುಗುಣ ಹಣ್ಣು ಹೆಚ್ಚಿ ಒಂದು ಹೋಳು ಮುಂದೆ ಹಿಡಿದಳು. ಅವಳು ಕೊಟ್ಟಳು, ನಾನು ತಿಂದೆ. ಕೋಪ ಬಂದರೆ ನನಗೆ ಹಸಿವಾಗುತ್ತದೆ ಎಂದು ಮೊದಲೇ ಹೇಳಿದೆನಲ್ಲ.