ಮಾವನ ಕಂಪ್ಯೂಟರಿನಲ್ಲಿ ಜಾಗವಿಲ್ಲ

ರಾಜಾಜಿನಗರದಲ್ಲಿ ಒಂದು ತುಕ್ಕು ಮೊಳೆಯೂ ಕಸದ ಗಾಡಿ ಸೇರದ ಮನೆ ಅಂತ ಇದ್ದರೆ, ಅದು ನನ್ನ ಸೋದರಮಾವನದೇ! ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೆಷಿನ್ ರಿಪೇರಿ ಮಾಡಿ ರಿಟೈರಾದವರು. ಹೊಸ ಪಾರ್ಟ್ ಹಾಕಿದರೆ ಹಳೇದನ್ನು ಎತ್ತಿಡಬೇಕು, ಹೊಸದು ಕೈಕೊಟ್ಟರೆ ಬೇಕಾಗುತ್ತದೆ ಅನ್ನೋದು ಅವರ ಶಾಸ್ತ್ರ. ಹಾಗಾಗಿ ಮಂಚದಡಿ ಕೆಟ್ಟ ಮಿಕ್ಸಿಗಳು, ಮೆಟ್ಟಿಲಡಿ ಸೋರುವ ನಲ್ಲಿಗಳು. ಮೇಲೆ ಅತ್ತೆಯ ಬೈಗುಳ ಬೇರೆ.

ಮೊನ್ನೆ ಶನಿವಾರ ಫೋನ್ ಬಂತು. "ಬೇಗ ಬಾರೋ! ಸೋಮವಾರ ನಿಮ್ಮತ್ತೆ ಗಂಟಲು ಆಪರೇಷನ್. ದನಿ ಬದಲಾದ್ರೂ ಆಗ್ಬಹುದು ಅಂದ್ರು ಡಾಕ್ಟ್ರು. ಮೊಬೈಲಲ್ಲಿ ಅವಳ ವಿಡಿಯೋ ಮಾಡಿಟ್ಟಿದೀನಿ, ಕಂಪ್ಯೂಟರಿಗೆ ಹಾಕಿ ಭದ್ರ ಮಾಡೋಣ ಅಂದ್ರೆ ಜಾಗ ಇಲ್ಲ ಅಂತಿದೆ!"

ಹೋಗಿ ನೋಡ್ತೀನಿ, ಪರದೆ ಮೇಲಿದ್ದ ಪುಟ್ಟ ಚಿತ್ರಗಳನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ ಕೂರಿಸಿದ್ದಾರೆ! "ಇಷ್ಟು ಜಾಗ ಬಿಡಿಸಿಕೊಟ್ಟಿದೀನಿ, ಇನ್ನೂ ಸಾಲದಂತಲ್ಲೋ?"

"ಮಾವ, ಬೇಡದ್ದನ್ನ ಡಿಲೀಟ್ ಮಾಡ್ಬೇಕು."

"ಮಾಡಿದೀನಪ್ಪ!"

ಮಾಡಿದ್ದರು, ಸುಳ್ಳಲ್ಲ. ಎಲ್ಲವೂ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಭದ್ರವಾಗಿತ್ತು. ಖಾಲಿ ಮಾಡಲು ಹೋದರೆ ಕೈ ಹಿಡಿದುಕೊಂಡರು. "ಇರ್ಲಿ ಬಿಡೋ, ಬುಟ್ಟೀಲಿದ್ರೆ ನಿನಗೇನು ಕಷ್ಟ?"

ಆದರೆ ಬುಟ್ಟಿಯಲ್ಲಿದ್ದದ್ದು ಹಿಡಿಯಷ್ಟು. ಮಿಕ್ಕ ಜಾಗ ನುಂಗಿದ್ಯಾರು? ನನಗೂ ತಲೆ ಕೆಟ್ಟುಹೋಯ್ತು. ತಡಕಾಡಿ ತಡಕಾಡಿ ಕೊನೆಗೆ ಸಿಕ್ಕಿತು, ಅಪ್‌ಡೇಟ್ ಆದಾಗ ಉಳಿದುಹೋದ ಹಳೇ ಸಾಫ್ಟ್‌ವೇರ್ ಫೈಲುಗಳ ರಾಶಿ. ಹೊಸದು ಸರಿಹೋಗದಿದ್ದರೆ ಹಳೇದಕ್ಕೆ ವಾಪಸ್ ಹೋಗೋಕೆ ಅಂತ ಕಂಪ್ಯೂಟರೇ ಎತ್ತಿಟ್ಟುಕೊಂಡಿತ್ತು! ಹೇಳಬಾರದಿತ್ತು, ಹೇಳಿಬಿಟ್ಟೆ. ಮಾವನ ಮುಖ ಅರಳಿತು.

"ನೋಡಿದ್ಯಾ, ಮೆಷಿನ್ನಿಗೂ ಬುದ್ಧಿ ಇದೆ! ಮುಟ್ಟಬೇಡ ಅದನ್ನ!"

"ಮತ್ತೆ ಅತ್ತೆ ವಿಡಿಯೋ ಎಲ್ಲಿಡ್ಲಿ, ನನ್ನ ತಲೆ ಮೇಲಾ?"

ಮಾವ ಅಡುಗೆಮನೆ ಕಡೆ ನೋಡಿದರು. "ಆಪರೇಷನ್ ಆದ್ಮೇಲೆ ಇವಳ ಹಳೇ ದನಿಗೆ ವಾಪಸ್ ಹೋಗೋಕಾಗುತ್ತೇನೋ?"

ಅವರೇ ಮೌಸನ್ನು ನನ್ನ ಕಡೆ ತಳ್ಳಿದರು.

"ತೆಗೆದುಹಾಕು. ಆ ಬುಟ್ಟೀನೂ ಖಾಲಿ ಮಾಡು," ಅಂದರು. ಮಾವನ ಬಾಯಲ್ಲಿ ಈ ಮಾತು ನಾನು ಕೇಳಿದ್ದೇ ಮೊದಲು!

ವಿಡಿಯೋಗಳೆಲ್ಲ ಬಂದು ಕೂತವು. ಅತ್ತೆ ಭಜನಾ ಮಂಡಳಿಯವರು, ದೇವರನಾಮ ಇರಬೇಕು ಅಂತ ಒಂದನ್ನು ಒತ್ತಿದೆ.

"ರೀ, ಆ ತೂತು ನಲ್ಲಿ ಎಸೀತೀರೋ, ಇಲ್ಲಾ ನಿಮ್ಮನ್ನೂ ಸೇರಿಸಿ ಕಸದ ಗಾಡಿಗೆ ಹಾಕ್ಲೋ?"

ಇನ್ನೊಂದು ಒತ್ತಿದೆ. ಅದೂ ಬೈಗುಳ. ಮತ್ತೊಂದು, ಅದೂ!

"ಮಾವ, ಹಾಡು ಒಂದೂ ಇಲ್ವಲ್ಲ?"

"ಹಾಡು ಊರಿಗೆಲ್ಲ ಹಾಡ್ತಾಳೆ," ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದು ನನಗೊಬ್ಬನಿಗೇ ಕಣೋ."